ಬೀಗತಿಯ ಮುಂದಿನ ಹಲ್ಲು

ಆಘಾತಗಳ ವಿಷಯದಲ್ಲಿ ನಾನು ಗಟ್ಟಿ ಹೆಂಗಸೆಂದೇ ತಿಳಿದಿದ್ದೆ. ಮಾನ್ವಿಯ ಪ್ರೌಢಶಾಲೆಯಲ್ಲಿ, ಮಧ್ಯಾಹ್ನದ ಊಟದ ನಂತರ, ಎಂಟನೆಯ ತರಗತಿಗೆ ಸಮಾಜ ವಿಜ್ಞಾನ ಹೇಳುವವಳಿಗೆ ಹೊಸದಾಗಿ ಗಾಬರಿಪಡಲು ಏನು ಉಳಿದಿರುತ್ತದೆ, ಹೇಳಿ! ಆದರೆ ಒಂದು ಬೆಳಿಗ್ಗೆ ಖಡಕ್ ಸಜ್ಜೆರೊಟ್ಟಿ ಕಚ್ಚಿದಾಗ ಟಕ್ ಎಂದಿತು. ರೊಟ್ಟಿ ಮುರಿಯಿತು ಅಂದುಕೊಂಡೆ. ರೊಟ್ಟಿ ಇಡಿಯಾಗಿಯೇ ಇತ್ತು. ಕನ್ನಡಿ ನೋಡಿದರೆ ಎದುರು ಹಲ್ಲಿನ ಜಾಗದಲ್ಲಿ ಕತ್ತಲೆ. ಮುಖ ನನ್ನದೇ, ನಗು ಬೇರೆ ಯಾರದೋ. ಅದೂ ಎಂಥ ವಾರದಲ್ಲಿ! ಬರುವ ಭಾನುವಾರ ಮಗಳನ್ನು ನೋಡಲು ದೇವದುರ್ಗದಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು. ಹಿರಿಯರು ಒಪ್ಪುವುದಷ್ಟೇ ಬಾಕಿ.

ಮರುದಿನವೇ ಬಸ್ಸು ಹತ್ತಿ ರಾಯಚೂರಿನ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವಳು. ಉಳಿದಿದ್ದ ಬೇರು ಕಿತ್ತು, ಹತ್ತಿ ಇಟ್ಟು, ಸೀರೆ ಅಂಗಡಿಯವರ ಹಾಗೆ ಹೊಸ ಹಲ್ಲಿನ ಬಗೆಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದಳು. "ಮೇಡಮ್ಮೋರ, ತೆಗದು ಹಾಕೋದು ಮಾಡಿಸ್ಕೋಬಹುದು. ರಾತ್ರಿ ನೀರಾಗ ಇಡಬೇಕು." ನನ್ನ ಹಲ್ಲು ನನ್ನನ್ನು ಬಿಟ್ಟು ಸ್ಟೀಲ್ ಲೋಟದಲ್ಲಿ ಮಲಗುವುದನ್ನು ನೆನೆದು ಬೇಡವೆಂದು ಕೈ ಆಡಿಸಿದೆ. "ಬ್ಯಾಡಂದ್ರ ಬ್ರಿಜ್ ಅದ. ಆಚೀಚಿ ಹಲ್ಲು ತಿಕ್ಕಿ ಸಣ್ಣ ಮಾಡಿ, ಮೂರಕ್ಕೂ ಕೂಡಿಸಿ ಟೊಪ್ಪಿಗಿ ಹಾಕ್ತೀವಿ." ಏನೂ ಮಾಡದ ಆ ಎರಡು ಬಡಪಾಯಿಗಳನ್ನು, ಪಕ್ಕದಲ್ಲಿ ನಿಂತದ್ದಕ್ಕೇ ತಿಕ್ಕುವುದೆ! "ಅದೂ ಬ್ಯಾಡಂದ್ರ ಇಂಪ್ಲಾಂಟ್. ದವಡಿ ಎಲುಬಿನಾಗ ಸ್ಕ್ರೂ ಕೂಡಸ್ತೀವಿ. ಗಟ್ಟಿ ಇರ್ತದ, ಆದ್ರ ತಿಂಗಳುಗಟ್ಟಲೆ ಹಿಡಿತದ." ಸ್ಕ್ರೂ ಎಂಬ ಶಬ್ದಕ್ಕೇ ನನ್ನ ಕಾಲು ಕುರ್ಚಿಯಿಂದ ಇಳಿದವು. ವಿಚಾರ ಮಾಡಿ ಹೇಳುತ್ತೇನೆಂದು ಹತ್ತಿ ಕಚ್ಚಿಕೊಂಡೇ ಬಸ್ ನಿಲ್ದಾಣದ ದಾರಿ ಹಿಡಿದೆ.

ವಿಚಾರ ಮಾಡುತ್ತ ಮಾಡುತ್ತ ಭಾನುವಾರ ಬಂದೇ ಬಿಟ್ಟಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತೆ. ಹುಡುಗನ ತಾಯಿ ತಮ್ಮ ಮನೆ, ಹೊಲ, ಎಮ್ಮೆಗಳ ಗುಣ ಎಲ್ಲವನ್ನೂ ಹೇಳಿದರು. ನಾನು ತಲೆ ಆಡಿಸಿದೆ. ಕೊನೆಗೆ ಅವರು ಚೂಡಾದ ತಟ್ಟೆ ಕೆಳಗಿಟ್ಟರು. "ಬೀಗತಿಯೋರು ಒಂದ್ ಮಾತೂ ಆಡವಲ್ರು. ನಮ್ಮ ಮನಿ ಮನಸ್ಸಿಗೆ ಬಂದಿಲ್ಲ ಅಂತ ಕಾಣ್ತದ."

ಮಗಳ ಮುಖ ಬಾಡಿತು. ಉತ್ತರ ಕೊಡಬೇಕು, ಆದರೆ ಸೆರಗು ಹಿಡಿದ ಕೈ ಸಡಿಲವಾಗಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ಅತ್ತೆ ಎರಡು ಬೆರಳು ಬಾಯಿಗೆ ಹಾಕಿ, ಮೇಲಿನ ಮುಂದಿನ ಹಲ್ಲುಗಳನ್ನು ತೆಗೆದು ಅಂಗೈಯಲ್ಲಿ ಹಿಡಿದರು.

"ಆಕಿಗೆ ಸಿಟ್ಟಿಲ್ಲರೀ ಯವ್ವಾ, ಹಲ್ಲಿಲ್ಲ. ನನಗೂ ಇಲ್ಲ, ನೋಡ್ರಿ."

ಐವತ್ತು ದಾಟಿದ ನನ್ನ ಗಂಡ "ಯವ್ವಾ!" ಎಂದು ಚೀರಿ ಎದ್ದು ನಿಂತರು.

"ಕೂಡಪಾ. ಲಗ್ನಕ್ಕ ಮದಲ ತವರೂರು ಚೀಕಲಪರ್ವಿ ಹೊಳಿ ಕಲ್ಲಿನ ಮ್ಯಾಲ ಜಾರಿ ಬಿದ್ದು ಹಲ್ಲು ಮುರಕೊಂಡಿದ್ದೆ. ಇವು ಹಾಳಾದಾಗೊಮ್ಮಿ ತವರಿಗೆ ಹೋಗ್ತೀನಂತ ಹೇಳಿ ಹೊಸಾವು ಹಾಕಿಸ್ಕೊಂಡು ಬರ್ತಿದ್ದೆ."

"ಅಪ್ಪಗ ಗೊತ್ತಿತ್ತೇನು?"

"ನಿಮ್ಮಪ್ಪ ನನ್ನ ಮಾರಿ ನೋಡಿ ಮಾತಾಡಿದ್ರ ಗೊತ್ತಾಗ್ತಿತ್ತು."

ಮೊದಲು ನಕ್ಕವರು ದೇವದುರ್ಗದ ಬೀಗತಿ. ನಾನೂ ಸೆರಗು ಬಿಟ್ಟು ನಕ್ಕೆ. ಆಗ ಅವರಿಗೆ ಇನ್ನೂ ನಗು ಬಂತು. ಸಂಬಂಧ ಅಲ್ಲೇ ಗಟ್ಟಿಯಾಯಿತು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆ ಮೆಲ್ಲಗೆ ಹೇಳಿದರು: "ತೆಗದು ಹಾಕೋದು ಮಾತ್ರ ಬ್ಯಾಡವಾ. ಸೀನು ಬಂದ್ರ ಅಂಜಿಕಿ, ನಗು ಬಂದ್ರ ಅಂಜಿಕಿ. ನನಗಾತು, ನೀ ಗಟ್ಟೀದು ಹಾಕಿಸ್ಕೊ." ಇಷ್ಟು ವರ್ಷ ಅವರು ಮನಸಾರೆ ನಗದೇ ಇದ್ದದ್ದು ನನ್ನ ಅಡುಗೆಯ ಮೇಲಿನ ಅಸಮಾಧಾನದಿಂದ ಎಂದು ನಾನು ತಿಳಿದಿದ್ದೆ. ಸ್ಕ್ರೂವಿಗಿಂತ ಆ ಮಾತು ಆಳಕ್ಕೆ ಇಳಿಯಿತು.

ಕಣ್ಣು ಮುಚ್ಚಿಕೊಂಡು ಇಂಪ್ಲಾಂಟೇ ಮಾಡಿಸಿಕೊಂಡೆ. ಹೊಸ ಹಲ್ಲು ಕೂತ ಮೇಲೆ ಮದುವೆಯ ಮಾತಿಗೆಂದು ದೇವದುರ್ಗಕ್ಕೆ ಹೋದಾಗ, ತಿಂಗಳುಗಟ್ಟಲೆ ತಡೆದಿದ್ದ ಮಾತನ್ನೆಲ್ಲ ಒಂದೇ ಸಲಕ್ಕೆ ಆಡಿದೆ. ಹೊರಡುವಾಗ ಬೀಗತಿ ನನ್ನ ಗಂಡನಿಗೆ ಅಂದರು: "ಅವತ್ತು ನಾವು ಇವ್ರನ್ನ ಭಾಳ ಶಾಂತ ಹೆಣ್ಮಗಳು ಅಂತ ಒಪ್ಕೊಂಡಿದ್ವಿ ನೋಡ್ರಿ." ಗಂಡ ನನ್ನ ಕಡೆ ನೋಡಿ ಕೇಳಿದರು: "ಲೇ, ಆ ಸ್ಕ್ರೂ ಬಿಚ್ಚಾಕ ಬರ್ತದೇನು?"

ಉತ್ತರ ಕೊಡಲು ಬಾಯಿ ತೆರೆದೆ. ಅದೇ ಅವರ ಮಾತಿಗೆ ಸಾಕ್ಷಿಯಾದೀತೆಂದು ಹೊಳೆದು, ಹೊಸ ಹಲ್ಲಿನ ಸಮೇತ ಮುಚ್ಚಿಕೊಂಡೆ.