ನಾಗಕ್ಕನಿಲ್ಲದ ನಾಗಕ್ಕನ ಪ್ರತಿ

ಪುಸ್ತಕ ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ. ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಲೇ ನಾನೊಂದು ಪುಸ್ತಕ ಬರೆದಿದ್ದೇನೆ. ಹಾಲು ಉಕ್ಕಿದ್ದು ಬೇರೆ ಮಾತು. ಕಷ್ಟ ಇರುವುದು, ಪುಸ್ತಕದೊಳಗೆ ಬಂದವರ ಕೈಗೆ ಆ ಪುಸ್ತಕವನ್ನು ಕೊಡುವುದರಲ್ಲಿ. ರಾಜಮಹಾರಾಜರ ಬಗ್ಗೆ ಬರೆಯುವವರಿಗೆ ಈ ತೊಂದರೆ ಇಲ್ಲ. ಯಾವ ಅರಸನೂ ಗೋರಿಯಿಂದ ಎದ್ದು ಬಂದು "ನನ್ನ ಮೂಗಿನ ಬಗ್ಗೆ ಹಾಗೇಕೆ ಬರೆದೆ?" ಎಂದು ಕೇಳಿದ್ದಿಲ್ಲ. ನಾನು ಬರೆದದ್ದು ನನ್ನ ಗಂಡನ ಬಗ್ಗೆ, ಗಂಡನ ಅಕ್ಕನ ಬಗ್ಗೆ, ಪಕ್ಕದ ಮನೆಯವರ ಬಗ್ಗೆ. ಇವರೆಲ್ಲ ದೇವರ ದಯೆಯಿಂದ ಆರೋಗ್ಯವಾಗಿದ್ದಾರೆ. ಸಾಲದ್ದಕ್ಕೆ ಅಕ್ಷರಸ್ಥರು ಕೂಡ.

ಊರಿನ ಒಂದು ಸಣ್ಣ ಪತ್ರಿಕೆಯಲ್ಲಿ ಆಗಾಗ ಬಂದ ನನ್ನ ಲಘು ಬರಹಗಳನ್ನು ಮಗಳು ವಿದ್ಯಾ ಒಂದೆಡೆ ಸೇರಿಸಿದಳು. ಪತ್ರಿಕೆಯಲ್ಲಿ ಬಂದಾಗ ಯಾರೂ ಸಿಟ್ಟಾಗಿರಲಿಲ್ಲ. ಆ ಪತ್ರಿಕೆಯ ವಿಶೇಷವೇ ಅದು, ಯಾರೂ ಓದುತ್ತಿರಲಿಲ್ಲ. ಸೇಡಂ ರಸ್ತೆಯಲ್ಲಿ ಮೆಹಬೂಬ್ ಭಾಯಿಯ ಮುದ್ರಣದ ಅಂಗಡಿ ಇದೆ. ಮೊದಲು ಲಗ್ನಪತ್ರಿಕೆ ಮಾತ್ರ ಮಾಡುತ್ತಿದ್ದ ಅವರು ಈಗ ಕೇಳಿದಾಗ ಕೇಳಿದಷ್ಟೇ ಪುಸ್ತಕ ಅಚ್ಚು ಹಾಕುವ ಯಂತ್ರ ತಂದಿದ್ದಾರೆ.

"ಸಾವಿರ ಪ್ರತಿ ಹಾಕ್ಸಿ ಮಂಚದ ಬುಡಕ ಇಡೋ ಜಮಾನಾ ಹೋಯ್ತು, ಬಾಯೀ. ಒಂದೇ ಬೇಕಂದ್ರ ಒಂದೇ ಹಾಕ್ತೀವಿ. ಒಂದಕ್ಕ ಹಸರು ರಟ್ಟು, ಇನ್ನೊಂದಕ್ಕ ಕೆಂಪು. ಇದಕ್ಕ ಸ್ಪೆಷಲ್ ಎಡಿಷನ್ ಅಂತಾರ."

"ಒಳಗಿಂದೂ ಬದಲ್ ಮಾಡ್ಲಿಕ್ಕಿ ಬರ್ತದೇನ್ರಿ?" ಎಂದು ನಾನು ಏನೂ ಅರಿಯದವಳ ಹಾಗೆ ಕೇಳಿದೆ.

"ಕಂಪ್ಯೂಟರಿಗಿ ಏನ್ರಿ? ಒಂದು ಪಾಠ ತಗದ್ರ ಅದೇನ್ ಅಳ್ತದಾ?"

ಬುದ್ಧಿ ಕೆಡುವುದಕ್ಕೆ ಇಂಥ ಒಂದು ಮಾತು ಸಾಕು.

ಆ ಹೊತ್ತಿಗೆ ಮನೆಯಲ್ಲಿ ವಿದ್ಯಾಳ ಕುಬಸದ ತಯಾರಿ ನಡೆದಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಮೊದಲ ಉಡಿ ತುಂಬುವವಳು ನಮ್ಮ ಮನೆತನದಲ್ಲಿ ಸೋದರತ್ತೆ. ಆ ಸೋದರತ್ತೆ ಎಂದರೆ ಕಮಲಾಪುರದ ನಾಗಕ್ಕ, ನಮ್ಮವರ ಹಿರಿಯ ಅಕ್ಕ. ನಮ್ಮವರಿಗೂ ಅವರಿಗೂ ಮಾತು ನಿಂತು ಬಹಳ ದಿನವಾಗಿತ್ತು. ಕಾರಣ ಇಬ್ಬರಿಗೂ ಮರೆತುಹೋಗಿತ್ತು, ಆದರೆ ಕಾರಣ ಮರೆತರೆಂದು ಜಗಳ ಬಿಡುವ ಜನ ಅವರಲ್ಲ. ನಾಗಕ್ಕನ ತೊಡೆಯ ಮೇಲೆ ಬೆಳೆದ ವಿದ್ಯಾ ಮಾತ್ರ ಹಟ ಹಿಡಿದಿದ್ದಳು: "ಅತ್ತಿ ಬರಲಿಲ್ಲಂದ್ರ ನಾ ಹಸರು ಸೀರಿನೇ ಉಡಂಗಿಲ್ಲ." ಅವಳೇ ಫೋನ್ ಮಾಡಿ, ಅತ್ತು, ಅಳಿಸಿ, ಒಪ್ಪಿಸಿದಳು. ಅದೇ ಉತ್ಸಾಹದಲ್ಲಿ ಅಪ್ಪ-ಮಗಳು ಸೇರಿ, ಬಂದವರಿಗೆ ಸ್ಟೀಲ್ ಡಬ್ಬಿಯ ಬದಲು ನನ್ನ ಪುಸ್ತಕ ಕೊಡುವುದೆಂದು ನಿರ್ಧರಿಸಿದರು. ಲೇಖಕಿಯಾದವಳು ಎಷ್ಟು ಬೇಕೋ ಅಷ್ಟು ಸಂಕೋಚಪಟ್ಟು ನಾನು ಒಪ್ಪಿದೆ. ಒಪ್ಪಿದ ಮೇಲೆ ನೆನಪಾಯಿತು, ಪುಸ್ತಕದ ನಟ್ಟನಡುವೆ ನಾಗಕ್ಕ ಕುಳಿತಿದ್ದಾರೆ.

ಹೀಗಾಗಿ ಸೇಡಂ ರಸ್ತೆಯಲ್ಲಿ ಸಾಹಿತ್ಯಲೋಕದ ಒಂದು ಅಪೂರ್ವ ಪ್ರಯೋಗ ನಡೆಯಿತು. ನಾಗಕ್ಕನ ಪ್ರತಿಯಲ್ಲಿ ನಾಗಕ್ಕನ ಬರಹವಿಲ್ಲ. ನಮ್ಮ ಐವಾನ್-ಎ-ಶಾಹಿ ಓಣಿಯ ರೆಹಾನಾ ಆಪಾ, ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು, ನಮ್ಮ ಕುಕ್ಕರ್ ಒಯ್ದು ಸೀಟಿ ಇಲ್ಲದೆ ಮರಳಿಸಿದವರು. ಅವರ ಪ್ರತಿಯಲ್ಲಿ ಕುಕ್ಕರ್ ಇಲ್ಲ. ಹಿತ್ತಲ ಮನೆಯವರ ಪ್ರತಿಯಲ್ಲಿ ಹಿತ್ತಲೇ ಇಲ್ಲ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ 'ನಿಮಗಾಗಿಯೇ, ಪ್ರೀತಿಯಿಂದ' ಎಂದು ಅಚ್ಚಾಗಿತ್ತು. ಅಷ್ಟು ಸತ್ಯವಾದ ಅರ್ಪಣೆ ಯಾವ ಪುಸ್ತಕದಲ್ಲೂ ಇರಲಾರದು. ತೊಂದರೆಯಾದದ್ದು ನಮ್ಮವರ ಪ್ರತಿಗೆ. ಅವರು ಹೆಚ್ಚುಕಡಿಮೆ ಎಲ್ಲ ಬರಹಗಳಲ್ಲೂ ಇದ್ದುದರಿಂದ, ತೆಗೆಯುತ್ತ ಹೋದಾಗ ಕೊನೆಗೆ ರಟ್ಟು, ಮುನ್ನುಡಿ ಮತ್ತು ಇರುವೆಗಳ ಮೇಲಿನ ಒಂದು ಬರಹ ಉಳಿಯಿತು. ಅವರು ಅದನ್ನು ತಿರುವಿ ನೋಡಿ, "ಚೊಲೊ ಬರದೀ. ಜಲ್ದಿ ಮುಗೀತದ" ಎಂದರು.

ಕುಬಸದ ದಿನ ನಾಗಕ್ಕ ಬಂದರು, ಸಂಗಡ ಕಮಲಾಪುರದ ಕೆಂಪು ಬಾಳೆಯ ಗೊನೆ. ತಮ್ಮನನ್ನು ನೋಡಿ "ಸೊರಗೀದಿ" ಎಂದರು. ನಮ್ಮಲ್ಲಿ ಅದು ರಾಜಿಯ ಮೊದಲ ಹೆಜ್ಜೆ. ಎಲ್ಲರಿಗೂ ಚಹಾದ ಜೊತೆ ಪುಸ್ತಕ ಹಂಚಿದೆ. ಬೀಗರು ಮಹಾಗಾಂವದಿಂದ ಟೆಂಪೊದಲ್ಲಿ ಬರುವವರಿದ್ದರು. ಫೋನಿನಲ್ಲಿ "ಹೊಂಟೇ ಬಿಟ್ಟೀವಿ" ಎಂದರು. ಅದರರ್ಥ ಸ್ನಾನಕ್ಕೆ ನೀರು ಕಾಯಲು ಇಟ್ಟಿದ್ದಾರೆ ಎಂದು. ಕಾಯುವುದೇ ಗತಿಯಾಯಿತು.

ಅಷ್ಟು ಲೆಕ್ಕಾಚಾರ ಹಾಕಿದ ನಾನು ಒಂದು ಸಂಗತಿಯನ್ನು ಮರೆತಿದ್ದೆ. ಜನ ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ತಂತಮ್ಮ ಪುಸ್ತಕ ಓದುವುದು ಎಲ್ಲಿಯ ಮಾತು? ನಮ್ಮ ಮನೆಗಳಲ್ಲಿ ಪುಸ್ತಕವೆಂದರೆ ಒಬ್ಬರು ಓದುವುದು, ಉಳಿದವರು ಬತ್ತಿ ಹೊಸೆಯುತ್ತ ಕೇಳುವುದು.

"ಆಪಾ, ನಾ ಚಸ್ಮಾ ಊರಾಗೇ ಬಿಟ್ಟು ಬಂದೀನಿ," ಎಂದರು ನಾಗಕ್ಕ. "ನೀವರೆ ಓದ್ರಿ. ನಮ್ಮ ಸಾವಿತ್ರಿ ಏನ್ ಗೀಚ್ಯಾಳ ಕೇಳೋಣು."

ಆಪಾ ತಮ್ಮ ಪ್ರತಿಯನ್ನು ತೆರೆದರು.

"ಈಗ್ಯಾಕ್ರಿ ಆಪಾ, ಇನ್ನೊಮ್ಮೆ ಚಹಾ ತರ್ತೀನಿ," ಎಂದೆ.

"ಚಹಾ ಆಗ್ಯದ. ಸುಮ್ನ ಕೂಡ್ರು," ಎಂದರು ನಾಗಕ್ಕ.

ಟೀಚರ ಕಂಠ, ಕೊನೆಯ ಬೆಂಚಿಗೂ ಮುಟ್ಟುವಂಥದು. "ಬಾಳೆಗೊನೆಗೊಂದು ಸೀಟು," ಎಂದು ಆಪಾ ಶುರುಮಾಡಿದರು. "ನನ್ನ ಗಂಡನ ಅಕ್ಕ ಕಮಲಾಪುರದಲ್ಲಿ ಬಸ್ಸು ಹತ್ತಿದರೆ ಇಬ್ಬರು ಹತ್ತಿದಂತೆ. ಒಬ್ಬರು ಅವರು, ಇನ್ನೊಬ್ಬರು ಅವರ ತೋಟದ ಬಾಳೆಗೊನೆ. ಕಿಟಕಿಯ ಪಕ್ಕದ ಸೀಟು ಗೊನೆಗೆ. ಮುದುಕರು, ಬಾಣಂತಿಯರು, ಪೊಲೀಸರು ಯಾರು ಬಂದರೂ ಗೊನೆ ಏಳುವುದಿಲ್ಲ. ಹಣ್ಣು ಕೊಟ್ಟ ಮೇಲೆ ಫೋನ್ ಬರುತ್ತದೆ, ಹೆಂಗಿದ್ವು ಎಂದು. ಹೊಗಳಿಕೆ ಸಾಲದಿದ್ದರೆ ಫೋನ್ ಇಡುವುದಿಲ್ಲ..."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಮ್ಮವರಿಗೆ ತಟ್ಟನೆ ಟೆಂಪೊ ಎಲ್ಲಿ ಬಂತೋ ನೋಡಬೇಕೆನಿಸಿತು, ಹೊರಗೆ ಹೋದರು. ಗೊನೆ ಮಾತ್ರ ನಡುಮನೆಯಲ್ಲಿ ಸಾಕ್ಷಿಯಾಗಿ ಕುಳಿತಿತ್ತು. ನಾಗಕ್ಕ ನಗಲಿಲ್ಲ. ಕೊನೆಯವರೆಗೂ ಕೇಳಿ, ತಮ್ಮ ಪ್ರತಿಯನ್ನು ಆಪಾನ ಮುಂದೆ ಚಾಚಿದರು.

"ಇದ್ರಾಗ ಎಲ್ಲಿ ಅದ ತೋರ್ಸ್ರಿ. ಊರಾಗ ಮಗನ ಕಡಿಂದ ಓದಸ್ತೀನಿ."

ಆಪಾ ಪರೀಕ್ಷೆಯ ಪೇಪರು ತಿದ್ದುವವರಂತೆ ಹಾಳೆ ತಿರುವಿದರು. "ನಿಮ್ಮದ್ರಾಗ ಇಲ್ರೀ ಅಕ್ಕಾ. ಇಲ್ಲಿ ಬ್ಯಾರೆ ಯಾವುದೋ ಕುಕ್ಕರಿಂದು ಅದ... ಪಕ್ಕದ ಮನಿ ಟೀಚರ್ ಅಂತ... ಅರೆ! ಸಾವಿತ್ರಿ ಬಾಯೀ, ಈ ಸೀಟಿ ಕಳದಾಕಿ ನಾನೇ ಅಲ್ಲಾ?"

ಆಮೇಲೆ ನಡೆದದ್ದನ್ನು ಲಗ್ನದಲ್ಲಿ ಸೀರೆ ಹಂಚಿದ ಮೇಲೆ ಆಗುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಯಾರಿಗೆ ಜರಿ, ಯಾರಿಗೆ ಬರೀ ನೂಲು ಎಂದು ಅಂಚು ಹಿಡಿದು ಹೋಲಿಸುವಂತೆ ಎಲ್ಲರೂ ಪುಸ್ತಕ ಅಕ್ಕಪಕ್ಕ ಇಟ್ಟು ಹೋಲಿಸಿದರು. ನಾನು ಗೋಡೆಯ ಸುಣ್ಣ ನೋಡುತ್ತ ನಿಂತೆ. ನಾಗಕ್ಕ ಎದ್ದರು.

"ಆಪಾನ ಪುಸ್ತಕದಾಗ ನಾ ಅದೀನಿ. ಹಿತ್ತಲ ಮನಿಯಾಕಿ ಪುಸ್ತಕದಾಗ ಅದೀನಿ. ನನ್ನ ಪುಸ್ತಕದಾಗ ನಾನೇ ಇಲ್ಲ! ಮಂದಿ ಮನಿಗೆಲ್ಲ ನನ್ನ ಕಳಿಸಿ, ನನ್ನ ಮನಿಯಿಂದ ಹೊರಗ ಹಾಕ್ದೇನವಾ?"

"ನಿಮಗ ಬ್ಯಾಸರ ಆಗ್ಬಾರ್ದಂತ, ಅಕ್ಕಾರ..."

"ಬ್ಯಾಸರ ಯಾಕ? ಗೊನಿಗಿ ಸೀಟ್ ಹಿಡದಿದ್ದು ಖರೆ ಅದ. ಅದರ ಟಿಕೇಟೂ ತಗೊಂಡೀನಿ! ಅದನ್ನ್ಯಾಕ ಬರದಿಲ್ಲ ನೀ?"

ನಾಗಕ್ಕ ಉಡಿಯ ಅಕ್ಕಿಯ ತಾಟನ್ನು ಪಕ್ಕಕ್ಕೆ ಸರಿಸಿ ಕುಳಿತುಬಿಟ್ಟರು. "ಮದ್ಲ ನನ್ನ ನನ್ನ ಪುಸ್ತಕದಾಗ ಕೂಡಸು. ಆಮ್ಯಾಲ ಉಡಿ." ಹಸಿರು ಸೀರೆಯಲ್ಲಿ ಕುಳಿತ ವಿದ್ಯಾಳ ಕಣ್ಣು ತುಂಬಿತು. ಹೊರಗೆ ಬೀಗರ ಟೆಂಪೊ ಹಾರ್ನ್ ಹಾಕಿತು. ಇಷ್ಟು ದಿನದಲ್ಲಿ ಒಮ್ಮೆಯಾದರೂ ಅವರು ಸಮಯಕ್ಕೆ ಸರಿಯಾಗಿ ಬಂದಿದ್ದರೆ ಅದು ಅಂದೇ.

ನಾನು ಗಡಬಡಿಸಿ ಮೆಹಬೂಬ್ ಭಾಯಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದೆ. "ಭಾಯೀ, ಎಲ್ಲಾರೂ ಇರೋ ಎಡಿಷನ್ ಬೇಕು. ಯಾರನ್ನೂ ತಗೀಬ್ಯಾಡ್ರಿ."

"ಎಲ್ಲಾರೂ ಇರೋದಾ?" ಭಾಯಿ ಯೋಚಿಸಿದರು. "ಅದಕ್ಕ ಸ್ಪೆಷಲ್ ಎಡಿಷನ್ ಅನ್ನಂಗಿಲ್ಲ ಬಾಯೀ. ಅದಕ್ಕ ಬರೀ ಪುಸ್ತಕ ಅಂತಾರ."

ನಾಗಕ್ಕನ ತುಟಿ ಅಲುಗಿತು. ಆದರೆ ಅವರು ಅಷ್ಟಕ್ಕೇ ಬಿಡುವವರಲ್ಲ. "ರಟ್ಟಿನ ಮ್ಯಾಲ ನಮ್ಮ ಗೊನಿ ಬರ್ಬೇಕು. ಮತ್ತ, ಎಲ್ಲಾರ ಮ್ಯಾಲೂ ಬರದೀದಿ, ನಿನ್ನ ಮ್ಯಾಲ ಯಾರು ಬರಿಯೋರು? ನಾ ಹೇಳ್ತೀನಿ, ಆಪಾ ಬರೀತಾರ. ಕಡೀಕ ಹಾಕ್ಬೇಕು."

"ನಾನೂ ಒಂದೆರಡು ಮಾತು ಸೇರಿಸ್ತೀನ್ರಿ," ಎಂದರು ಆಪಾ, ಸೀಟಿಯ ನೆನಪಿನಲ್ಲಿ.

ಬಾಗಿಲಲ್ಲಿ ಬೀಗರು, ಮಣೆಯ ಮೇಲೆ ಮಗಳು. ಲೇಖಕರ ಸ್ವಾತಂತ್ರ್ಯದ ಬಗ್ಗೆ ಚರ್ಚಿಸಲು ಅದು ಹೊತ್ತಲ್ಲ. "ಹೂಂ" ಎಂದೆ. ನಾಗಕ್ಕ ತಾಟು ಎಳೆದುಕೊಂಡು, ಅಕ್ಕಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು ಹಾಕಿ, ಮೇಲೆ ಒಂದು ಕೆಂಪು ಬಾಳೆಹಣ್ಣಿಟ್ಟು ವಿದ್ಯಾಳ ಉಡಿ ತುಂಬಿದರು. ಹಣೆಗೆ ಮುತ್ತಿಟ್ಟಾಗ ಇಬ್ಬರೂ ಅತ್ತರು. ಬಾಗಿಲ ಬಳಿ ನಮ್ಮವರು ಕಣ್ಣಿಗೆ ಕಸ ಬಿದ್ದವರಂತೆ ಉಜ್ಜಿಕೊಳ್ಳುತ್ತಿದ್ದರು. "ಒಳಗ ಬಾರೋ," ಎಂದರು ನಾಗಕ್ಕ ತಮ್ಮನಿಗೆ. "ಹಣ್ಣು ತಿಂದು ಹೆಂಗದ ಹೇಳು."

ಹೊಸ ಪುಸ್ತಕವನ್ನು ನಾವೇ ಕಮಲಾಪುರಕ್ಕೆ ಹೋಗಿ ಕೊಟ್ಟು ಬಂದೆವು. ಅದೀಗ ಅವರ ನಡುಮನೆಯಲ್ಲಿ ಟಿ.ವಿ.ಯ ಪಕ್ಕ, ಕಸೂತಿ ಹಾಕಿದ ಬಟ್ಟೆಯ ಮೇಲೆ ಇದೆ. ಬಂದವರಿಗೆಲ್ಲ ಓದಿಸುತ್ತಾರಂತೆ. ಬಾಳೆಗೊನೆಯದು ಒಮ್ಮೆ, ಕೊನೆಯ ಅಧ್ಯಾಯ ಮತ್ತೆ ಮತ್ತೆ. ಅದರಲ್ಲಿ, ಊರಿನ ಅಡುಗೆಮನೆಗಳನ್ನೆಲ್ಲ ಇಣುಕಿ ನೋಡುವ ಸಾವಿತ್ರಿ ತನ್ನ ಅಡುಗೆಮನೆಯಲ್ಲಿ ಎರಡು ಚಹಾಪುಡಿ ಡಬ್ಬಿ ಇಟ್ಟಿದ್ದಾಳೆಂದೂ, ಒಳ್ಳೆಯ ಪುಡಿ ಬೀಗರಿಗೆ, ಇನ್ನೊಂದು ಗಂಡನ ಕಡೆಯವರಿಗೆ ಎಂದೂ ಬರೆಸಿದ್ದಾರೆ. ನನ್ನ ಗದ್ಯಕ್ಕಿಂತ ಅದೇ ಹರಿತವಾಗಿದೆ ಎಂದು ಪತ್ರಿಕೆಯ ಸಂಪಾದಕರೂ ಹೇಳಿದರು. ಮೆಹಬೂಬ್ ಭಾಯಿಯ ಅಂಗಡಿಯಲ್ಲಿ ಜನ ಕೇಳಿ ಕೇಳಿ ಒಯ್ಯುವುದು ಆ ಆವೃತ್ತಿಯನ್ನೇ.

ಇರಲಿ, ಓದುಗರ ಸಂತೋಷಕ್ಕಿಂತ ಲೇಖಕಿಗೆ ದೊಡ್ಡದೇನಿದೆ? ನಾನೇನೂ ಬೇಸರ ಮಾಡಿಕೊಂಡಿಲ್ಲ. ಮೊನ್ನೆ ಸೇಡಂ ರಸ್ತೆಯ ಕಡೆ ಹೋದಾಗ ಸುಮ್ಮನೆ ನನಗೆಂದು ಒಂದು ಪ್ರತಿ ಹಾಕಿಸಿಕೊಂಡು ಬಂದೆ. ಅದರಲ್ಲಿ ಎಲ್ಲರೂ ಇದ್ದಾರೆ. ನಮ್ಮವರು, ನಾಗಕ್ಕ, ಆಪಾ, ಇರುವೆಗಳು. ಕೊನೆಯ ಅಧ್ಯಾಯವೊಂದಿಲ್ಲ. ಅದನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಒಳ್ಳೆಯ ಚಹಾಪುಡಿಯ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಯಾರಿಗೂ ಓದಲು ಕೊಡುವುದಿಲ್ಲ.