ಹನ್ನೊಂದನೇ ಚೌಕ

ಎರಡು ಹಾಳೆಯ ಆ ಅರ್ಜಿಯಲ್ಲಿ ಹನ್ನೊಂದನೇ ಚೌಕ ಒಂದೇ ಖಾಲಿ ಉಳಿದಿತ್ತು: ಕಾಲೇಜಿನಲ್ಲಿ ಯಾವ ವಿಷಯ ಓದುತ್ತೀರಿ?

ಉಳಿದದ್ದನ್ನೆಲ್ಲ ಸೋರೆನ್ ತುಂಬಿದ್ದ. ಸೇನೆಯ ಆ ವಿದ್ಯಾರ್ಥಿವೇತನ ಸಿಕ್ಕರೆ ನಾಲ್ಕು ವರ್ಷದ ಓದು ಪುಕ್ಕಟೆ, ಓದಿನ ಜೊತೆಗೇ ಕವಾಯತು, ಮುಗಿದ ಮೇಲೆ ಅಧಿಕಾರಿಯ ಪಟ್ಟಿ ಭುಜಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ ಅಪ್ಪನ ಒಂಬೈನೂರು ಹಂದಿಗಳಿಂದ ಬಿಡುಗಡೆ. ಎಷ್ಟು ಸೋಪು ತಿಕ್ಕಿದರೂ ಹಂದಿದೊಡ್ಡಿಯ ವಾಸನೆ ಸಾಕಿದ ನಾಯಿಯ ಹಾಗೆ ಅವನ ಹಿಂದೆ ಹಿಂದೆಯೇ ಶಾಲೆಗೆ ಬರುತ್ತಿತ್ತು.

ಅವತ್ತು ಶನಿವಾರ. ಬೆಳಿಗ್ಗೆಯೇ ವಿಶ್ವವಿದ್ಯಾಲಯದಿಂದ, ಆ ವಿದ್ಯಾರ್ಥಿವೇತನ ನೋಡಿಕೊಳ್ಳುವ ಕ್ಯಾಪ್ಟನ್ ಡೆಲ್‌ಗಾಡೊ ಫೋನು ಮಾಡಿದ್ದರು. ನ್ಯೂಯಾರ್ಕ್ ಕಡೆಯ ಹೆಂಗಸು. ಎದುರಿನವರ ಮಾತು ಮುಗಿಯುವುದರೊಳಗೆ ಫೋನು ಇಟ್ಟುಬಿಡುವ ಜಾತಿ. "ಅರ್ಜಿಗಳ ಪಟ್ಟಿ ಸಂಜೆ ಐದಕ್ಕೆ ಮೇಲಕ್ಕೆ ಹೋಗತ್ತೆ. ಖಾಲಿ ಚೌಕದ ಅರ್ಜಿ ಹೋಗಲ್ಲ. ಏನಾದ್ರೂ ಬರ್ದು ಕಳಿಸು, ಇಲ್ಲಿರೋ ಪ್ರತೀಲಿ ನಾನು ತುಂಬ್ತೀನಿ."

ಏನಾದರೂ ಅಂದರೆ ಏನು? ಅರ್ಜಿಯ ತನ್ನ ಪ್ರತಿಯನ್ನು ಜೇಬಿಗೆ ತುರುಕಿಕೊಂಡು ಸೋರೆನ್ ಹಂದಿಗಳ ಮೇವು ತರಲು ಊರಿನ ಧಾನ್ಯದ ಗೋದಾಮಿಗೆ ಹೊರಟ. ಅಲ್ಲಿ ಅದನ್ನು ಹೊರಗೆ ತೆಗೆದದ್ದೇ ತಪ್ಪಾಯಿತು.

ಗೋದಾಮಿನ ಆರ್ಲೆನ್ ಹಿಂದೆ ನೌಕಾಪಡೆಯಲ್ಲಿದ್ದವನು. ಕನ್ನಡಕ ಏರಿಸಿ ಓದಿದ. "ಪರಮಾಣು ಎಂಜಿನಿಯರಿಂಗ್ ಬರ್ಕೊಳ್ಳೋ. ಸೇನೆಯೋರು ಎತ್ತಿ ಮುದ್ದಾಡ್ತಾರೆ."

"ಬೇಡ ಆರ್ಲೆನ್, ನಂಗೆ ಲೆಕ್ಕ ಹತ್ತಲ್ಲ."

"ಹಂಗನ್ಬೇಡ, ಬರ್ಕೋ."

"ಇಲ್ಲ, ನಿಜವಾಗ್ಲೂ ಬೇಡ."

ಆರ್ಲೆನ್ ಮೆಚ್ಚುಗೆಯಿಂದ ತಲೆಯಾಡಿಸಿದ. ಪಶ್ಚಿಮ ಮಿನೆಸೋಟದ ಆ ಊರಿನಲ್ಲಿ ಮರ್ಯಾದಸ್ಥರು ಯಾರೂ ಏನನ್ನೂ ಮೊದಲ ಸಲಕ್ಕೆ ಒಪ್ಪಿಕೊಳ್ಳುವುದಿಲ್ಲ. ಕಾಫಿ ಇರಲಿ, ಹೊಲ ಉಳಲು ಸಹಾಯ ಇರಲಿ, ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಕೇಳಿದಾಗ ಕೈಚಾಚಬೇಕು. ಒಂದೇ ಸಲಕ್ಕೆ ಹೂಂ ಅಂದವನನ್ನು ಹಸಿದು ಬಂದವನು ಅಂತ ನೋಡುತ್ತಾರೆ.

"ಹಂಗಾದ್ರೆ ಪರಮಾಣುವೇ ಅಲ್ವೇನೋ?" ಎಂದು ಆರ್ಲೆನ್ ಮೂರನೇ ಸಲ ಕೇಳುವಾಗ ಸೋರೆನ್‌ನ ಬಾಯ್ತುಂಬ, ಅವನೇ ಮೂರು ಸಲ ಕೇಳಿ ಕೊಟ್ಟಿದ್ದ ಡೋನಟ್ ಇತ್ತು. ಆರ್ಲೆನ್ ಅದನ್ನೇ ಹೂಂ ಎಂದುಕೊಂಡು, ಅರ್ಜಿಯ ಮೇಲಿದ್ದ ಕ್ಯಾಪ್ಟನ್ನರ ಇ-ಮೇಲ್ ವಿಳಾಸವನ್ನು ಫೋನಿನಲ್ಲಿ ಚಿತ್ರ ಹಿಡಿದುಕೊಂಡ. "ನೀನ್ ಹೋಗು. ನಾನೊಂದು ಶಿಫಾರಸು ಬರೀತೀನಿ."

ಸೋರೆನ್ ಮೇವಿನ ಚೀಲಗಳನ್ನು ಗಾಡಿಗೆ ಹಾಕಿ ಅಂಚೆ ಕಚೇರಿಯ ಎದುರು ಬರುವುದರೊಳಗೆ ಸುದ್ದಿ, ಕ್ಯಾಪ್ಟನ್ನರ ವಿಳಾಸದ ಸಮೇತ, ಅವನಿಗಿಂತ ಮುಂಚೆ ಅಲ್ಲಿ ಕಾಲು ಚಾಚಿ ಕೂತಿತ್ತು. ಅಂಚೆ ನೋಡಿಕೊಳ್ಳುವ ಲಾವಾನ್ ಅವನ ಸೋದರತ್ತೆ. ಬೀದಿಗೇ ಓಡಿಬಂದು ಗಾಡಿಯ ಕಿಟಕಿ ಹಿಡಿದಳು.

"ಪರಮಾಣು ಗಿರಮಾಣು ಯಾಕೋ ನಿಂಗೆ? ನರ್ಸಿಂಗ್ ತಗೋ! ಸೇನೆಗೆ ದಾದಿಯರು ಬೇಕಂತೆ."

"ಬೇಡ ಅತ್ತೆ. ರಕ್ತ ನೋಡಿದ್ರೆ ತಲೆ ತಿರುಗತ್ತೆ ನಂಗೆ."

"ಒಳ್ಳೇ ಕೈಗುಣ ಕಣೋ ನಿಂದು. ತಗೋ."

"ಅತ್ತೇ, ಬೇಡ."

"ಎಂಥಾ ವಿನಯ ನೋಡಿ ಇವನ್ದು!" ಎಂದು ಲಾವಾನ್ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಮೂರನೇ ಸಲ ಕೇಳಿದಾಗ ಹಿಂದಿನ ಟ್ರಾಕ್ಟರಿನವನು ಹಾರನ್ ಬಾರಿಸಿದ. ಸೋರೆನ್ ಅವನಿಗೆ ಆಯಿತು ಎಂದು ಕೈ ಎತ್ತಿದ. ಅದನ್ನು ಒಪ್ಪಿಗೆ ಎಂದುಕೊಂಡ ಅತ್ತೆಯ ಕಣ್ಣು ತುಂಬಿಬಂತು. "ಈಗ್ಲೇ ಕ್ಯಾಪ್ಟನ್‌ಗೆ ಬರೀತೀನಿ!"

ಮುಂದೆ ದಾರಿಯಲ್ಲಿ ಗಾಡಿ ತಡೆದ ಪಾದ್ರಿಯ ಹೆಂಡತಿ ಮಿರ್ನಾ ಅರಬ್ಬಿ ಭಾಷೆ ಓದು ಎಂದಳು. ಅವಳು ಸೋರೆನ್‌ಗೆ ಎರಡು ಸಲ ಬೇಡ ಎನ್ನಲೂ ಬಿಡಲಿಲ್ಲ. ಅವನ ಪಾಲಿನ ಬೇಡಗಳನ್ನೂ ತಾನೇ ಹೇಳಿ ಮುಗಿಸಿ, ಮೂರನೆಯದಕ್ಕೆ ತಾನೇ ಹೂಂ ಎಂದು, ಕ್ಯಾಪ್ಟನ್‌ಗೆ ತಾನೂ ಬರೆಯುವುದಾಗಿ ಹೇಳಿ, ಬೇಯಿಸಿದ ಆಲೂಗಡ್ಡೆಯ ದೊಡ್ಡ ತಟ್ಟೆಯೊಂದನ್ನು ಅವನ ತೊಡೆಯ ಮೇಲಿಟ್ಟು ಕಳಿಸಿದಳು.

ನಾಲ್ಕೂವರೆಗೆ ಸೋರೆನ್ ದೊಡ್ಡಿಯ ಬಾಗಿಲಲ್ಲಿ ಚೀಲ ಇಳಿಸಿ ನಿಂತಾಗ ಅವನ ತಲೆ ಕಲಸಿದ ಮೇವಿನಂತಾಗಿತ್ತು. ಅಪ್ಪ ವರ್ನನ್ ಸಲಿಕೆಯ ಮೇಲೆ ಭಾರ ಬಿಟ್ಟು ಮಗನನ್ನೇ ನೋಡಿದರು. ದಿನಕ್ಕೆ ಹತ್ತೇ ಮಾತಾಡುವ ಮನುಷ್ಯ.

"ನಿಂಗೇನು ಬೇಕು?"

ಬೆಳಗಿನಿಂದ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದೊಂದೇ. ಸೋರೆನ್‌ನ ಬಾಯಿಂದ ಉತ್ತರ ತಾನಾಗಿ ಬಂತು. "ಭೂಪಟ ಅಂದ್ರೆ ಇಷ್ಟ ಅಪ್ಪ. ಬೆಟ್ಟ, ಸಮುದ್ರ. ಭೂಗೋಳ ಓದ್ಬೇಕು."

ಅಪ್ಪ ಚಪ್ಪಟೆಯಾದ ಜೋಳದ ಹೊಲಗಳ ಕಡೆ ನೋಡಿದರು. "ಕೆಟ್ಟದ್ದೇನಲ್ಲ," ಎಂದರು. ಆ ಮನೆಯಲ್ಲಿ ಇಷ್ಟು ದೊಡ್ಡ ಹೊಗಳಿಕೆ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ.

ಸೋರೆನ್ ಕ್ಯಾಪ್ಟನ್‌ಗೆ ಸಂದೇಶ ಕಳಿಸಿದ: ಭೂಗೋಳ. ಹತ್ತು ನಿಮಿಷದಲ್ಲಿ ಫೋನು ಬಂತು.

"ಸೋರೆನ್, ನಿನ್ನ ವಿಷಯದಲ್ಲಿ ಮೂರು ಪತ್ರ ಬಂದಿದೆ. ಒಬ್ರು ಪರಮಾಣು ಅಂತಾರೆ, ಒಬ್ರು ನರ್ಸಿಂಗ್, ಇನ್ನೊಬ್ರು ಅರಬ್ಬಿ. ನೀನು ಭೂಗೋಳ ಅಂತೀಯ. ಎಲ್ಲ ಹುಟ್ಟಿದಾಗಿಂದ ಕಂಡ ಕನಸಂತೆ! ನಂಗೆ ತಲೆ ಕೆಟ್ಟುಹೋಯ್ತು. ನಿನ್ನ ಮಾತೇ ಕೊನೆ. ಭೂಗೋಳ ಬರೀಲಾ?"

ಸೋರೆನ್‌ನ ಎದೆ ಹಂದಿಮರಿಯಂತೆ ನೆಗೆಯಿತು. ಆದರೆ ಬಾಯಿ, ಹದಿನೇಳು ವರ್ಷ ಅಮ್ಮ ತಿದ್ದಿ ಬೆಳೆಸಿದ ಬಾಯಿ, ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು: "ಅಯ್ಯೋ, ಬೇಡ ಬಿಡಿ ಮೇಡಂ. ನಿಮಗ್ಯಾಕೆ ತೊಂದರೆ."

"ಬೇಡ್ವಾ? ಸರಿಯಾಗಿ ಹೇಳು, ಐದಾಗ್ತಾ ಬಂತು. ಭೂಗೋಳ ಬೇಕೋ ಬೇಡ್ವೋ?"

"ಇಲ್ಲ ಇಲ್ಲ, ನಿಜವಾಗ್ಲೂ ಬೇಡ," ಎಂದು ಸೋರೆನ್ ನಾಚಿಕೊಂಡು, ಉಸಿರು ಬಿಗಿಹಿಡಿದು, ಮೂರನೇ ಸಲಕ್ಕೆ ಕಾದ.

"ಸದ್ಯ, ಬದುಕಿದೆ," ಎಂದರು ಕ್ಯಾಪ್ಟನ್. "ನೋಡು, ಮೂರು ಪತ್ರದಲ್ಲೂ ಒಂದು ಮಾತು ಮಾತ್ರ ಒಂದೇ ಥರ ಇದೆ. ಹಿಮಗಾಳಿ ಬೀಸಿದ ದಿನ ಹೆಣ್ಣುಹಂದಿ ಪಕ್ಕ ಕೂತು ಹನ್ನೆರಡು ಮರಿ ಉಳಿಸಿದ್ಯಂತೆ. ಹಂದಿ ಸಾಕೋದ್ರಲ್ಲಿ ನಿನ್ನಂಥೋನು ಜಿಲ್ಲೆಯಲ್ಲೇ ಇಲ್ವಂತೆ. ಪಶುವಿಜ್ಞಾನ, ಹಂದಿ ವಿಭಾಗ ಅಂತ ಬರ್ದಿದೀನಿ. ಪಟ್ಟಿ ಹೋಯ್ತು. ಇನ್ನು ಬದಲಾಯ್ಸಕ್ಕಾಗಲ್ಲ. ಅಭಿನಂದನೆ!"

ಫೋನು ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

"ಏನಂದ್ರು?" ಎಂದರು ಅಪ್ಪ.

"ಎರಡೇ ಸಲ ಕೇಳಿದ್ರು," ಎಂದ ಸೋರೆನ್.

ಅಪ್ಪನಿಗೆ ಎಲ್ಲ ಅರ್ಥವಾಯಿತು. ಅವರು ನಿಟ್ಟುಸಿರು ಬಿಟ್ಟು ಕೈಲಿದ್ದ ಸಲಿಕೆಯನ್ನು ಮಗನ ಕಡೆ ಚಾಚಿದರು.

ಸೋರೆನ್ ಮೊದಲನೇ ಸಲಕ್ಕೇ ತೆಗೆದುಕೊಂಡ.