ಅತ್ತೆಯ ವಾಚು, ಬೀಗರ ಬಲಗೈ

ಕಿರ್, ಕಿರ್, ಕಿರ್.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಮನೆಯಲ್ಲಿ ಏಳುವ ಸದ್ದುಗಳನ್ನೆಲ್ಲ ನಾನು ಬಲ್ಲೆ. ಫ್ರಿಜ್ಜು ನಿಟ್ಟುಸಿರು ಬಿಡುವುದು, ಟ್ಯಾಂಕಿಗೆ ನೀರು ತೊಟ್ಟಿಕ್ಕುವುದು, ನನ್ನ ಗಂಡ ಶ್ರೀಕಂಠ ಗೊರಕೆಯ ನಡುವೆ ಇದ್ದಕ್ಕಿದ್ದಂತೆ ಸುಮ್ಮನಾಗಿ ನನ್ನನ್ನು ಗಾಬರಿಪಡಿಸುವುದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಎದ್ದು, ಬಾಗಿಲ ಚಿಲಕ ನೋಡಿ, ಗ್ಯಾಸ್ ನೋಡಿ, ಊಟದ ಮನೆಗೆ ಹೋದೆ.

ಮೇಜಿನ ಮುಂದೆ ನಮ್ಮತ್ತೆ ಅಂಬುಜಾಕ್ಷಿ ಕೂತಿದ್ದರು. ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಒಂದು ವಾಚು. ಅದರ ಪಕ್ಕದ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದರು.

"ಮಾತಾಡಿಸಬೇಡ ಚಂದ್ರಿಕಾ, ಎಣಿಸ್ತಾ ಇದೀನಿ!"

ಅತ್ತೆ ತುಮಕೂರಿಗೆ ಸೊಸೆಯಾಗಿ ಬಂದ ವರ್ಷದಿಂದ ನಿವೃತ್ತಿಯವರೆಗೆ ಕೈಗಡಿಯಾರದ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸಿದವರು. ನಿವೃತ್ತಿಯಾದ ಮೇಲೆ ಜೋಡಿಸುವುದು ನಿಲ್ಲಲಿಲ್ಲ, ಕಾರ್ಖಾನೆ ಮಾತ್ರ ನಿಂತಿತು. ಹಾಲು ಉಕ್ಕುವ ಮೊದಲೇ ಕೂಗಿ ಕರೆಯುವ ಪಾತ್ರೆಯನ್ನು ಅವರೇ ಮಾಡಿದ್ದು. ಅದು ಹಾಲಿಲ್ಲದಾಗಲೂ ಕೂಗಿ, ಎದುರುಮನೆಯವರು ನಮ್ಮ ಜೊತೆ ಮಾತು ಬಿಟ್ಟರು.

"ಮುಗೀತು. ಬಾ, ನೋಡು!" ಎಂದರು. "ಇದು ಆಟೋಮ್ಯಾಟಿಕ್ ವಾಚು. ಒಳಗೆ ಅರ್ಧಚಂದ್ರದ ಹಾಗೆ ಒಂದು ತೂಕ ಇದೆ. ಕೈ ಆಡಿದ ಹಾಗೆಲ್ಲ ಅದು ತಿರುಗಿ ಸ್ಪ್ರಿಂಗನ್ನ ಸುತ್ತುತ್ತೆ. ಕೈ ಆಡಿಸದ ಸೋಮಾರಿಗಳಿಗೆ..."

"ನಿಮ್ಮ ಮಗನಿಗೆ."

"ಅವನಂಥವರಿಗೆ ಒಂದೂವರೆ ದಿನಕ್ಕೆ ನಿಂತುಹೋಗುತ್ತೆ. ಆಗ ಹೀಗೆ ಕೈಯಲ್ಲೇ ಕೀ ಕೊಡಬೇಕು. ಆದರೆ ಎಷ್ಟು ಕೊಟ್ಟರೆ ಸಾಕು? ಹಳೇ ಕಾಲದ ವಾಚು ಬಿಗಿಯಾಗಿ ನಿಂತುಬಿಡುತ್ತೆ. ಇದು ನಿಲ್ಲಲ್ಲ! ತುಂಬಿದ ಮೇಲೆ ಸ್ಪ್ರಿಂಗು ಒಳಗೇ ಜಾರುತ್ತೆ, ನೀನು ಬೆಳಗಿನವರೆಗೂ ತಿರುಗಿಸ್ತಾ ಕೂತಿರಬಹುದು. ಎಷ್ಟು ಕೀ ಉಳಿದಿದೆ ಅಂತ ತಿಳೀಬೇಕಾದ್ರೆ ಬಿಚ್ಚಿಟ್ಟು, ನಿಲ್ಲೋವರೆಗೂ ಕಾಯಬೇಕು. ನಿಂತ ಮೇಲೆ ತಿಳಿದು ಏನುಪಯೋಗ?"

ಅತ್ತೆ ಅದಕ್ಕೆ ಎರಡು ಪರಿಹಾರ ಕಂಡುಹಿಡಿದಿದ್ದರು. ಒಂದು, ಉಳಿದ ಕೀಯನ್ನು ತೋರಿಸುವ ಪುಟ್ಟ ಮುಳ್ಳು. ಇನ್ನೊಂದು, ಯಾವತ್ತೂ ಜಾರದ, ಎಷ್ಟು ಕೊಟ್ಟರೂ ನುಂಗುವ ಸ್ಪ್ರಿಂಗು. ಅದರ ಲೋಹವನ್ನು ಅವರೇ ನಮ್ಮ ಇಡ್ಲಿ ಕುಕ್ಕರಿನಲ್ಲಿ ಹದ ಮಾಡಿದ್ದರು. ಆ ವಾರ ಇಡ್ಲಿಗಳೇಕೆ ಪುಟಿಯುತ್ತಿದ್ದವು ಎಂದು ನನಗೆ ಈಗ ಅರ್ಥವಾಯಿತು.

"ಜಾಸ್ತಿ ಕೊಟ್ಟಿದ್ದು ಎಲ್ಲಿಗೆ ಹೋಗುತ್ತೆ ಅತ್ತೆ?"

"ಎಲ್ಲಿಗೂ ಹೋಗಲ್ಲ. ಒಳಗೇ ಇರುತ್ತೆ!"

ಈ ಉತ್ತರ ನನಗೆ ಸಮಾಧಾನ ಕೊಡಲಿಲ್ಲ.

ಬೆಳಿಗ್ಗೆ ವಾಚು ಶ್ರೀಕಂಠನ ಕೈಯಲ್ಲಿತ್ತು. ಅವನು ಕಾಫಿಗೆ ಸಕ್ಕರೆ ಕಲಕಲು ಶುರುಮಾಡಿದ. ಕಾಫಿ ಆರಿತು, ಕೆನೆ ಕಟ್ಟಿತು, ಕೆನೆ ಒಡೆಯಿತು. ಅವನು ಕಲಕುತ್ತಲೇ ಇದ್ದ.

"ಸಾಕು ಕಣ್ರೀ," ಎಂದೆ.

"ನಾನೆಲ್ಲೇ ಕಲಕ್ತಾ ಇದೀನಿ? ಇದು ಕಲಕ್ತಾ ಇದೆ! ಅಮ್ಮಾ!"

ಹೇಗೋ ಹಿಡಿದು ವಾಚನ್ನು ಬಿಚ್ಚಿ ಮೇಜಿನ ಮೇಲಿಟ್ಟೆವು. ಅದು ಬುಗುರಿಯಂತೆ ಸುತ್ತಿ, ಎರಡು ಲೋಟ ಒಡೆದು, ಫ್ರಿಜ್ಜಿನ ಕೆಳಗೆ ನುಗ್ಗಿತು. ಫ್ರಿಜ್ಜು ಅಡುಗೆಮನೆಯಿಂದ ನಡುಮನೆಯ ಕಡೆಗೆ ಒಂದು ಗೇಣು ಪ್ರಯಾಣ ಮಾಡಿತು.

ಅತ್ತೆ ಹಿಗ್ಗಿನಿಂದ ಕೈ ತಟ್ಟಿದರು. "ಗೊತ್ತಾಯ್ತು! ಕೀ ಮಿತಿ ಮೀರಿದ್ರೆ ಎಲ್ಲಾ ಉಲ್ಟಾ. ಕೈ ವಾಚನ್ನ ಸುತ್ತೋ ಬದಲು ವಾಚು ಕೈಯನ್ನ ಸುತ್ತುತ್ತೆ. ಕೈಗೆ ಕಟ್ಟಿದ್ರೆ ಕೈ ಅಲ್ಲಾಡುತ್ತೆ, ಬಿಚ್ಚಿದ್ರೆ ಮನೆ ಅಲ್ಲಾಡುತ್ತೆ. ಅಷ್ಟೇ!"

ಮುಳ್ಳಿನ ಹಿಂದೆ ಒಂದು ಕೆಂಪು ಗೆರೆ ಎಳೆದರು. ನಲವತ್ತು ಸುತ್ತು ಕೊಟ್ಟರೆ ಗೆರೆಯ ಈಚೆ, ಕ್ಷೇಮ. ಗೆರೆ ದಾಟಬಾರದು.

ಭಾನುವಾರ ಬೀಗರಾಗಬೇಕಾದವರು ಊಟಕ್ಕೆ ಬಂದರು.

ನನ್ನ ನಾದಿನಿ ಮೇದಿನಿ ಅರಸೀಕೆರೆಯಲ್ಲಿ ಗೂಡ್ಸ್ ರೈಲಿನ ಅಸಿಸ್ಟೆಂಟ್ ಡ್ರೈವರು. ಅವಳೂ ನಿರಂಜನನೂ ಒಬ್ಬರನ್ನೊಬ್ಬರು ಒಪ್ಪಿ ವರ್ಷ ಕಳೆದಿತ್ತು. ಹುಡುಗನ ತಂದೆ ಸದಾಶಿವಯ್ಯನವರು ನಿವೃತ್ತ ಹೆಡ್‌ಮಾಸ್ತರರು. ಹುಡುಗಿ ಕೆಲಸ ಬಿಡುವುದಾದರೆ ಮಾತ್ರ ತಾಂಬೂಲದ ತಟ್ಟೆ ಬದಲಾಯಿಸುವುದು ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಮೇದಿನಿ ಬಿಡುವುದಿಲ್ಲ ಎಂದಿದ್ದಳು. ತಟ್ಟೆ ಬದಲಾದರೆ ಮದುವೆ ಗಟ್ಟಿ. ಇಲ್ಲದಿದ್ದರೆ ಇವರು ಬರೀ ಊಟ ಮಾಡಿಕೊಂಡು ಹೋದ ನೆಂಟರು. ಮೇದಿನಿ ಹಿಂದಿನ ದಿನದಿಂದ ಒಂದು ತುತ್ತೂ ಸರಿಯಾಗಿ ತಿಂದಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ, ನಾನು ಗಮನಿಸಿದ್ದೆ.

ಕಾರಿನಿಂದ ಮೊದಲು ಇಳಿದವರು ಸದಾಶಿವಯ್ಯನವರ ಅಕ್ಕ ಸುಭದ್ರಮ್ಮ. ಆ ಮನೆಯ ಮಾತೆಲ್ಲ ಅವರದೇ ಎಂದು ಅವರು ಚಪ್ಪಲಿ ಬಿಟ್ಟ ರೀತಿಯಲ್ಲೇ ತಿಳಿಯಿತು.

"ಹೆಣ್ಣುಹುಡುಗಿ ರೈಲು ಬಿಡೋದು ಅಂದ್ರೇನಮ್ಮ? ನಾಳೆ ಮಗು ಅತ್ತರೆ ಹಾರ್ನ್ ಹೊಡೀತೀಯಾ?"

"ಹೊಡೀತೀನಿ ದೊಡ್ಡಮ್ಮ. ಬೇಗ ಸುಮ್ಮನಾಗುತ್ತೆ," ಎಂದಳು ಮೇದಿನಿ.

ಸದಾಶಿವಯ್ಯನವರ ಮೀಸೆ ಅಲುಗಿತು. "ಅಲ್ಲಮ್ಮ, ತುಂಬಿದ ಗೂಡ್ಸಿಗೆ ಬ್ರೇಕ್ ಹಾಕಿದ್ರೆ ಎಷ್ಟು ದೂರದಲ್ಲಿ ನಿಲ್ಲುತ್ತೆ?" ಎಂದು ಮುಂದಕ್ಕೆ ಬಾಗಿ ಕೇಳಿದರು.

"ಸದಾಶಿವ!" ಎಂದರು ಸುಭದ್ರಮ್ಮ. ಸದಾಶಿವಯ್ಯನವರು ಹಿಂದಕ್ಕೆ ಒರಗಿದರು.

ಅವರ ಹಳೆಯ ವಾಚು ಆ ದಿನ ದಾರಿಯಲ್ಲೇ ನಿಂತುಹೋಗಿತ್ತು. ನಾಲ್ಕೂವರೆಗೆ ರಾಹುಕಾಲ, ಏನೇ ಮಾತಾದರೂ ಅಷ್ಟರೊಳಗೆ ಆಗಬೇಕು, ಕೈಯಲ್ಲಿ ವಾಚಿಲ್ಲ ಎಂದು ಚಡಪಡಿಸಿದರು. ನಮ್ಮತ್ತೆಗೆ ಅಷ್ಟು ಸಾಕಾಯಿತು. ನಾನು ಬೇಡವೆಂದು ಸನ್ನೆ ಮಾಡುವಷ್ಟರಲ್ಲಿ ತಮ್ಮ ವಾಚನ್ನು ಬೆಳ್ಳಿಯ ಬಟ್ಟಲಲ್ಲಿಟ್ಟು ತಂದೇಬಿಟ್ಟರು!

"ನನ್ನ ಕೈಯಾರೆ ಮಾಡಿದ್ದು ಬೀಗರೇ. ನಲವತ್ತು ಸುತ್ತು ಕೀ ಕೊಡಿ, ಸಾಕು. ಜಾಸ್ತಿ ಬೇಡ."

ಸದಾಶಿವಯ್ಯನವರು ಅದನ್ನು ಬಲಗೈಗೆ ಕಟ್ಟಿಕೊಂಡರು. ಶುಭಸಮಯವನ್ನು ಎಡಗೈಯಲ್ಲಿ ನೋಡಬಾರದೆಂಬುದು ಅವರ ಅಭಿಪ್ರಾಯ. "ಜೀವನಪೂರ್ತಿ ವಾಚಿಗೆ ಕೀ ಕೊಟ್ಟವನಮ್ಮ ನಾನು. ಬಿಗಿಯಾದಾಗ ನಿಲ್ಲಿಸಬೇಕು ಅಂತ ನನಗೆ ಗೊತ್ತಿಲ್ವೇ?" ಎಂದು ತಿರುಪನ್ನು ಹಿಡಿದರು.

ಕಿರ್, ಕಿರ್, ಕಿರ್.

ಅದು ಬಿಗಿಯಾಗಲಿಲ್ಲ. ಬಿಗಿಯಾಗದ ಹಾಗೆ ಮಾಡಿದ್ದೇ ಅತ್ತೆಯ ಹೆಗ್ಗಳಿಕೆ. ಬೀಗರು ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಾತಾಡುತ್ತ ತಿರುಗಿಸಿದರು, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತ ತಿರುಗಿಸಿದರು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು, ದಾಟಿತು. ನಾನು ಅತ್ತೆಯನ್ನು ನೋಡಿದೆ, ಅತ್ತೆ ನನ್ನನ್ನು ನೋಡಿದರು. ಹೆಡ್‌ಮಾಸ್ತರರ ಕೈ ಹಿಡಿದು ನಿಲ್ಲಿಸುವವರು ಯಾರು? ನಾನು ಕೈಗೆ ಕಾಫಿ ಕೊಟ್ಟೆ. ಅವರು ಒಂದೇ ಗುಟುಕಿಗೆ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ತಿರುಪಿಗೆ ಕೈ ಹಾಕಿದರು.

"ಇನ್ನೂ ಬಿಗಿಯಾಗ್ಲಿಲ್ಲ ನೋಡಿ. ಒಳ್ಳೇ ವಾಚು!"

ಮುಳ್ಳು ಅಂಕಿಗಳೇ ಇಲ್ಲದ ಜಾಗದಲ್ಲಿ ವಾಚಿನ ಅಂಚಿಗೆ ಒತ್ತಿಕೊಂಡು ನಿಂತಿತ್ತು.

ಎಲೆ ಹಾಕಿದೆವು. ನಾನು ಒಬ್ಬಟ್ಟು ಬಡಿಸಲು ಬಂದೆ. ಸಾಕೆನ್ನುವವರು ಎಲೆಗೆ ಕೈ ಅಡ್ಡ ಹಿಡಿಯಬೇಕು. ಸದಾಶಿವಯ್ಯನವರ ಕೈ ಎಲೆಯ ಮೇಲೆ ಎದ್ದು ಗರಗರ ಸುತ್ತಿ, ಹಾಕು ಹಾಕು ಎಂದು ಕರೆಯಿತು. ಹಾಕಿದೆ. ಮತ್ತೆ ಕರೆಯಿತು. ಮತ್ತೆ ಹಾಕಿದೆ. ಅವರ ಮುಖ ಮಾತ್ರ ನನ್ನನ್ನು ಅಂಗಲಾಚುತ್ತಿತ್ತು.

"ಸಕ್ಕರೆ ಕಾಯಿಲೆ ಕಣೋ ನಿನಗೆ!" ಎಂದರು ಸುಭದ್ರಮ್ಮ.

"ರುಚಿಯಾಗಿದೆ ಅಕ್ಕ," ಎಂದರು. ತಮ್ಮ ಕೈ ತಮ್ಮ ಮಾತು ಕೇಳುತ್ತಿಲ್ಲ ಎಂದು ಹೆಡ್‌ಮಾಸ್ತರರು ಹೇಗೆ ಹೇಳಿಯಾರು?

ಊಟವಾದ ಮೇಲೆ ಮೇದಿನಿ ನಮಸ್ಕಾರ ಮಾಡಿದಳು. ಆಶೀರ್ವಾದಕ್ಕೆ ಎದ್ದ ಕೈ ಇಳಿಯಲೇ ಇಲ್ಲ. ಅದು ನಿರಂಜನನನ್ನು ಹರಸಿತು, ನನ್ನನ್ನು ಹರಸಿತು, ಕಸದ ಬುಟ್ಟಿಯನ್ನೂ ಹರಸಿತು. ಅವರು ಗಾಬರಿಯಾಗಿ ವರಾಂಡಕ್ಕೆ ಹೋದರು. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನ ಗಾಡಿಯವಳು ನಿಂತಳು, ಅವಳ ಹಿಂದೆ ಹಳೇ ಪೇಪರಿನವನು ನಿಂತ, ಅವನ ಹಿಂದೆ ಒಂದು ಆಟೋ.

"ಕರೆದ್ರಲ್ಲ ಸ್ವಾಮಿ?" ಎಂದು ಮೂವರೂ ಕೇಳಿದರು.

"ಇಲ್ಲ, ಹೋಗಿ," ಎಂದರು ಬಾಯಲ್ಲಿ. ಕೈ, ಬನ್ನಿ ಬನ್ನಿ ಎನ್ನುತ್ತಿತ್ತು.

"ಏನೋ ಇದು ನಿನ್ನ ಅವತಾರ?" ಎಂದು ಸುಭದ್ರಮ್ಮ ಹೊರಗೆ ಬಂದರು. ಆ ಕೈ ಹೋಗಿ, ಪಾಠ ಒಪ್ಪಿಸಿದ ಒಂದನೇ ಕ್ಲಾಸಿನ ಮಗುವಿಗೆ ಮಾಡುವಂತೆ, ಅವರ ತಲೆಯನ್ನು ತಟ್ಟಿ ತಟ್ಟಿ ಶಹಭಾಸ್ ಹೇಳಿತು! ಅರವತ್ತು ವರ್ಷದಲ್ಲಿ ಆ ತಮ್ಮ ಆ ಅಕ್ಕನ ಎದುರು ದನಿ ಎತ್ತಿರಲಿಲ್ಲವಂತೆ. ಸುಭದ್ರಮ್ಮನ ತುರುಬು ಬಿಚ್ಚಿಹೋಯಿತು.

ಇನ್ನು ಮುಚ್ಚಿಡುವಂತಿರಲಿಲ್ಲ. ಅತ್ತೆ ವಿಷಯ ಹೇಳಿದರು.

"ಹಾಗಾದ್ರೆ ಬಿಚ್ಚಿ ಎಸೀರಿ ಅದನ್ನ!" ಎಂದು ಸುಭದ್ರಮ್ಮ ಕೂಗಿದರು.

"ಈಗಿರೋ ಕೀಗೆ ಬಿಚ್ಚಿದ್ರೆ ಗೋಡೆ ಬೀಳುತ್ತೆ," ಎಂದರು ಅತ್ತೆ, ಸ್ವಲ್ಪ ಹೆಮ್ಮೆಯಿಂದಲೇ. "ಕೈಗೆ ಕೆಲಸ ಕೊಟ್ಟು ಇಳಿಸಬೇಕು. ಒಂದ್ಸಲ ಉಲ್ಟಾ ತಿರುಗೋಕೆ ಶುರುವಾದ್ರೆ ಕೀ ಪೂರ್ತಿ ಖಾಲಿಯಾಗೋವರೆಗೂ ನಿಲ್ಲಲ್ಲ. ಚಂದ್ರಿಕಾ, ಫ್ರಿಜ್ಜಲ್ಲಿ ಕೆನೆಮೊಸರು ಎಷ್ಟಿದೆ?"

ಹೀಗೆ ನಿವೃತ್ತ ಹೆಡ್‌ಮಾಸ್ತರರು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಮೊಸರು ಕಡೆದರು. ಶ್ರೀಕಂಠ ಪಾತ್ರೆ ಹಿಡಿದುಕೊಂಡ. ಕಡೆಗೋಲು ಮಿಕ್ಸಿಯಂತೆ ತಿರುಗಿತು. ಬೆಣ್ಣೆ ಬಂತು, ಒಂದಷ್ಟು ಗೋಡೆಗೂ ಬಂತು. ನಾನು ಅವರ ಪಕ್ಕದಲ್ಲೇ ಕೂತು ಮುಳ್ಳನ್ನು ನೋಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ಆದರೆ ಯಾರಾದರೂ ನೋಡುತ್ತಿರಬೇಕಲ್ಲ. ಮುಳ್ಳು ಕೆಂಪು ಗೆರೆಯ ಈಚೆಗೆ ಬಂತು. ಕೈ ನಿಧಾನವಾಯಿತು. ಮೊಸರು ಖಾಲಿಯಾದ ಮೇಲೂ ಅವರು ಬರೀ ಪಾತ್ರೆಯನ್ನು ಕಡೆಯುತ್ತ ಮೇದಿನಿಯನ್ನು ಕೇಳಿದರು:

"ಹೇಳಲೇ ಇಲ್ಲವಲ್ಲಮ್ಮ, ಎಷ್ಟು ದೂರದಲ್ಲಿ ನಿಲ್ಲುತ್ತೆ?"

"ಒಂದು ಕಿಲೋಮೀಟರೇ ಬೇಕಾಗಬಹುದು ಸಾರ್. ಮುಂದೆ ಏನಿದೆ ಅಂತ ಕಾಣೋಕೆ ಮೊದಲೇ ನಿರ್ಧಾರ ಮಾಡಬೇಕು."

"ಭಯ ಆಗಲ್ವೇ?"

"ಆಗುತ್ತೆ. ಅದಕ್ಕೇ ಸರಿಯಾಗಿ ಓಡಿಸ್ತೀನಿ."

ಅವರು ತಲೆಯಾಡಿಸಿದರು. ತಲೆಗೆ ಯಾವ ವಾಚನ್ನೂ ಕಟ್ಟಿರಲಿಲ್ಲ.

"ಆಯ್ತು, ಏಳು ಸದಾಶಿವ!" ಎಂದರು ಸುಭದ್ರಮ್ಮ, ತುರುಬು ಕಟ್ಟಿಕೊಳ್ಳುತ್ತ. "ನಾಲ್ಕೂವರೆ ಆಗ್ತಾ ಬಂತು. ಕೊನೇ ಸಲ ಕೇಳ್ತೀನಿ ಕಣಮ್ಮ, ಕೆಲಸ ಬಿಡ್ತೀಯೋ ಇಲ್ವೋ?"

ಎಲ್ಲರೂ ಮೇದಿನಿಯ ಕಡೆ ತಿರುಗಿದರು. ನಾನೊಬ್ಬಳು ತಿರುಗಲಿಲ್ಲ. ಮುಳ್ಳು ಸೊನ್ನೆಗೆ ಇಳಿಯಿತು. ಸೆಕೆಂಡಿನ ಮುಳ್ಳು ಎರಡು ಸಲ ತಡವರಿಸಿ ನಿಂತುಹೋಯಿತು. ಕಡೆಗೋಲು ಪಾತ್ರೆಯ ಅಂಚಿಗೆ ಒರಗಿತು. ಕೈ ಅವರ ತೊಡೆಯ ಮೇಲೆ ಬಿದ್ದಿತ್ತು, ಎಲ್ಲರ ಕೈಯ ಹಾಗೆ, ಸುಮ್ಮನೆ.

"ಬಿಡಲ್ಲ ದೊಡ್ಡಮ್ಮ," ಎಂದಳು ಮೇದಿನಿ. ದನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ. "ರಾತ್ರಿ ಡ್ಯೂಟಿ ಇದೆ."

"ಕೇಳಿದ್ಯಲ್ಲ? ನಡಿ!"

ಆಗ ಸದಾಶಿವಯ್ಯನವರ ಬಲಗೈ ಮೇಲೆದ್ದಿತು. ಎಲ್ಲರೂ ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಕೈ ಎಡಗೈಯನ್ನೂ ಜೊತೆಗೆ ಕರೆದುಕೊಂಡು, ಅವರು ತಂದಿದ್ದ ತಾಂಬೂಲದ ತಟ್ಟೆಯನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟಿತು. ನಮ್ಮ ತಟ್ಟೆಯನ್ನು ತೆಗೆದುಕೊಂಡಿತು. ಅದರಲ್ಲಿ ಜಾರಿದ್ದ ಒಂದು ವೀಳ್ಯದೆಲೆಯನ್ನು ಸರಿಮಾಡಿತು. ಆ ಮಧ್ಯಾಹ್ನವಿಡೀ ಆ ಕೈ ಮಾಡಿದ ಒಂದೇ ಒಂದು ಅಚ್ಚುಕಟ್ಟಾದ ಕೆಲಸ ಅದು.

"ಅಯ್ಯೋ!" ಎಂದು ಸದಾಶಿವಯ್ಯನವರು ಚೀರಿದರು. "ನೋಡಕ್ಕ ಈ ಕೈ ಮಾಡಿದ್ದನ್ನ! ನಾನಲ್ಲ, ವಾಚು!"

"ಹಿಂದಕ್ಕೆ ಕೊಡೋ!"

"ಬದಲಾದ ತಟ್ಟೆ ಹಿಂದಕ್ಕೆ ಕೊಡೋದುಂಟೇ ಅಕ್ಕ? ನೀನೇ ಹೇಳು."

ಶಾಸ್ತ್ರದ ವಿಷಯದಲ್ಲಿ ಸುಭದ್ರಮ್ಮ ಬಲು ಕಟ್ಟುನಿಟ್ಟು. ಹೋಗಿ ಸೋಫಾದ ಮೇಲೆ ಕೂತರು. ನಿರಂಜನ ಬಂದಾಗಿನಿಂದ ಮೊದಲ ಬಾರಿಗೆ ಬಾಯಿ ಬಿಟ್ಟು, ಒಬ್ಬಟ್ಟು ಉಳಿದಿದೆಯೇ ಎಂದು ಕೇಳಿದ. ಮೇದಿನಿ ಎರಡು ತಟ್ಟೆಗೆ ಹಾಕಿಕೊಂಡು ಬಂದಳು.

ಸದಾಶಿವಯ್ಯನವರ ದೃಷ್ಟಿ ನನ್ನ ಕಡೆ ಬಂತು. ನಾನು ನಿಂತ ವಾಚನ್ನು ನೋಡುತ್ತಿರುವುದನ್ನು ನೋಡಿದರು. ಮಡಚಿದ್ದ ಅಂಗಿಯ ತೋಳನ್ನು ನಿಧಾನವಾಗಿ ಮಣಿಕಟ್ಟಿನ ಮೇಲೆ ಎಳೆದುಕೊಂಡರು.

"ಏನಮ್ಮ ನೋಡ್ತಾ ಇದೀಯ?"

"ಏನಿಲ್ಲ. ಇನ್ನೂ ಸ್ವಲ್ಪ ಕೀ ಉಳಿದಿರಬೇಕು ಅನ್ಕೊಂಡೆ."

"ಇದೆ, ಇದೆ!" ಎಂದು ಕೈಯನ್ನು ಎರಡು ಸಲ ಕುಣಿಸಿ ತೋರಿಸಿದರು. ಹೆಡ್‌ಮಾಸ್ತರರಿಗೆ ನಟನೆ ಬರುತ್ತಿರಲಿಲ್ಲ. ವಾಚನ್ನು ಅವರು ವಾಪಸ್ಸು ಕೊಡಲಿಲ್ಲ. ಇಂಥದ್ದು ಮನೆಯಲ್ಲಿ ಒಂದಿರಲಿ ಎಂದು ಕಟ್ಟಿಕೊಂಡೇ ಹೋದರು.

ಅವರು ಹೋದ ಮೇಲೆ ಅತ್ತೆ ಭೂತಗನ್ನಡಿ ಹಿಡಿದು ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. "ತಟ್ಟೆ ಎತ್ತಿದಾಗ ಮುಳ್ಳು ಎಲ್ಲಿತ್ತು ಚಂದ್ರಿಕಾ? ಎರಡು ಕೈಯಲ್ಲಿ ತಟ್ಟೆ ಎತ್ತಿಸೋಕೆ ಎಷ್ಟು ಕೀ ಬೇಕು ಅಂತ ನಾನು ಲೆಕ್ಕ ಹಾಕ್ಬೇಕು. ನೀನು ನೋಡಿರ್ತೀಯ. ಈ ಮನೇಲಿ ನೀನು ನೋಡದೇ ಇರೋದು ಏನಿದೆ?"

ಅತ್ತೆಗೆ ಹೇಳಿದರೆ ಅದು ವಿಜ್ಞಾನವಾಗುತ್ತದೆ, ಶ್ರೀಕಂಠನಿಗೆ ಹೇಳಿದರೆ ಊರ ಸುದ್ದಿಯಾಗುತ್ತದೆ. ಮೇದಿನಿಗೆ ಹೇಳಬಹುದಿತ್ತು. ಆದರೆ ಅವಳು ಡ್ಯೂಟಿಗೆ ಹೊರಡಲು ಬೂಟು ಹಾಕುತ್ತ ಏನೋ ಗುನುಗುತ್ತಿದ್ದಳು.

"ನೋಡಲಿಲ್ಲ ಅತ್ತೆ," ಎಂದೆ.

ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ, ಬೆಣ್ಣೆಯ ಬಟ್ಟಲನ್ನು ಫ್ರಿಜ್ಜಿನಲ್ಲಿಟ್ಟೆ. ಆ ದಿನ ವಾಚು ಮಾಡಿದ ಉಪಯುಕ್ತ ಕೆಲಸ ಆ ಬೆಣ್ಣೆ ತೆಗೆದದ್ದೊಂದೇ.